ಹದಿನಾರು ಇಂಚಿನ ಜಾಗ

ತುಮಕೂರಿನ ಉಪ್ಪಾರಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಚೇಳೂರಿನಾಚೆಯ ಹೈಸ್ಕೂಲಿಗೆ ಬರುವ ಇತಿಹಾಸದ ಟೀಚರ್ ಅನುಪಮಾ, ಪುಸ್ತಕ ಓದಿಸಿ ಕೈತೊಳೆದುಕೊಳ್ಳುವ ಪೈಕಿಯವಳಲ್ಲ. ಸೋಮವಾರ ವರಾಂಡದ ತುಂಬ ಸೀಮೆಸುಣ್ಣದಲ್ಲಿ ಹಡಗಿನ ಹೊಟ್ಟೆ ಬರೆದಳು. ಆಫ್ರಿಕಾದ ಜನರನ್ನು ಹಿಡಿದು, ಸರಪಳಿ ಬಿಗಿದು, ಅಟ್ಲಾಂಟಿಕ್ ದಾಟಿಸಿ ಕಬ್ಬಿನ ತೋಟಗಳಿಗೆ ಮಾರುತ್ತಿದ್ದ ಹಡಗು. ಒಬ್ಬರಿಗೆ ಹದಿನಾರು ಇಂಚು ಅಗಲ. ಟೇಪು ಹಿಡಿದು ಅಳೆದು, ಒಂಬತ್ತನೇ ಕ್ಲಾಸಿನ ಹುಡುಗಿಯರನ್ನು ಒತ್ತೊತ್ತಾಗಿ ಮಲಗಿಸಿದಳು. ಮೊದಲು ಕಿಸಿಕಿಸಿ ನಗು. "ಹಿಂಗೇ ಎರಡು ತಿಂಗಳು" ಎಂದಾಗ ಪ್ರಿಯಾಂಕ ಅತ್ತೇಬಿಟ್ಟಳು. ಪಾಠ ನಾಟಿತು ಎಂದು ಅನುಪಮಾ ಹಿಗ್ಗಿದಳು.

ಮಾರನೇ ದಿನ ಹೆಡ್‌ಮಾಸ್ಟರ್ ನಾಗಭೂಷಣ್ ಕೋಣೆಯಲ್ಲಿ ಪ್ರಿಯಾಂಕಳ ಅಪ್ಪ ಉದಯಕುಮಾರ್ ಕೂತಿದ್ದ. ಶಾಲಾ ಸಮಿತಿಯ ಅಧ್ಯಕ್ಷನೂ ಅವನೇ. ಮಕ್ಕಳನ್ನು ನೆಲದ ಮೇಲೆ ಮಲಗಿಸಿದ್ದಕ್ಕೆ ಜಗಳ ತಂದಿದ್ದಾನೆಂದುಕೊಂಡು ಅನುಪಮಾ ಸಮಜಾಯಿಷಿ ಹೇಳಹೋದಳು.

"ಅಯ್ಯೋ, ಮಲಗ್ಸಿ ಮೇಡಂ, ಪಾಠ ಅಲ್ವಾ!" ಎಂದ ಉದಯಕುಮಾರ್. "ಆ ಜನಾನ ಹಂಗ್ ತುಂಬಿದ್ರಂತಲ್ಲ, ಕೇಳಿ ನಂಗೂ ಹೊಟ್ಟೆ ಉರೀತು. ಮನುಷ್ಯರಾ ಅವ್ರು?" ಆಮೇಲೆ ದನಿ ತಗ್ಗಿಸಿದ. "ಆದ್ರೆ ಯಾರ ಪಕ್ಕ ಯಾರ್ನ ಮಲಗ್ಸೋದು ಅಂತ ನೋಡ್ಬೇಕಲ್ವಾ? ಆ ಕಾಲೋನಿ ಹುಡುಗೀನ ನನ್ ಮಗಳ ಮೈಗೆ ತಾಗ್ಸಿದೀರಿ."

ಕಾಲೋನಿ ಹುಡುಗಿ ಎಂದರೆ ದಲಿತರ ಕೇರಿಯ ಯಶಸ್ವಿನಿ, ಕ್ಲಾಸಿಗೇ ಚುರುಕು. ಅನುಪಮಾಗೆ ಮೈಯೆಲ್ಲ ಉರಿದುಹೋಯಿತು. ಮುನ್ನೂರು ವರ್ಷದ ಹಿಂದಿನ, ಸಮುದ್ರದಾಚೆಯ ಜನಕ್ಕೆ ಮರುಗುವ ಈ ಮಹಾಶಯನಿಗೆ ತನ್ನೂರಿನ ಮಗು ಮೈಲಿಗೆ! ನಾಚಿಕೆಗೆಟ್ಟವನು.

"ಶನಿವಾರ ಇನ್‌ಸ್ಪೆಕ್ಷನ್‌ಗೆ ಬರೋ ಬಿಇಒ ಮುಂದೆ ಇದನ್ನೇ ತೋರ್ಸೋದಿದೆ," ಎಂದರು ನಾಗಭೂಷಣ್. "ಸಾಲು ಸ್ವಲ್ಪ ಅಡ್ಜಸ್ಟ್ ಮಾಡಿ ಮೇಡಂ. ಸುಮ್ನೆ ರಂಪ ಯಾಕೆ?"

"ಮಾಡಿದ್ರೆ ಇದೇ ಸಾಲು ಸಾರ್. ಇಲ್ದಿದ್ರೆ ಯಾಕ್ ಮಾಡ್ಲಿಲ್ಲ ಅಂತ ಬಿಇಒಗೆ ನಾನೇ ಹೇಳ್ತೀನಿ."

ಟ್ರಾನ್ಸ್‌ಫರ್ ಮಾಡಿಸ್ತೀನಿ ಎಂದು ಉದಯಕುಮಾರ್ ಹಾರಾಡಿದ. ಅವಳು ಜಗ್ಗಲಿಲ್ಲ. ಶುಕ್ರವಾರ ಅವನು "ಏನಾರ ಮಾಡ್ಕೊಳಿ" ಎಂದು ಹಲ್ಲು ಕಡಿಯುತ್ತ ಎದ್ದುಹೋದ. ಅನುಪಮಾ ಗೆದ್ದ ಹುಮ್ಮಸ್ಸಿನಲ್ಲಿ ಕ್ಲಾಸಿಗೆ ಬಂದು, ನಾಳೆಯೂ ಅದೇ ಸಾಲು, ಅದೇ ಜಾಗ ಎಂದಳು.

ಯಶಸ್ವಿನಿ ಎದ್ದು ನಿಂತಳು. "ನಾನು ಮಲಗಲ್ಲ ಮಿಸ್."

"ಹೆದರ್ಕೋಬೇಡ ಕಣೇ, ನಾನಿದೀನಿ."

"ಹೆದರಿಕೆ ಅಲ್ಲ ಮಿಸ್. ಅವತ್ತು ಪ್ರಿಯಾಂಕನ್ನ ಹಿತ್ತಲಲ್ಲಿ ನಿಲ್ಸಿ, ತಲೆ ಮೇಲೆ ನೀರು ಸುರಿದು ಒಳಗ್ ಕರ್ಕೊಂಡ್ರಂತೆ. ಅವಳೇ ಹೇಳಿದ್ಲು. ನಾಳೇನೂ ಸುರೀತಾರೆ. ಅದಕ್ಕೆ ನಾನು ಬೇಕಾ?" ಹುಡುಗಿಯ ಕಣ್ಣು ಕೆಂಡ. "ನನ್ನ ಎಲ್ಲಿ ಮಲಗ್ಸೋದು ಅಂತ ನೀವ್ ನೀವೇ ಕಿತ್ತಾಡಿದ್ರಿ. ಒಬ್ರಾದ್ರೂ ನನ್ನ ಕೇಳಿದ್ರಾ?"

ಕೇಳಿರಲಿಲ್ಲ. ಇಷ್ಟು ದಿನ ಊರಿನ ಮೇಲಿದ್ದ ಸಿಟ್ಟೆಲ್ಲ ತಿರುಗಿ ಅನುಪಮಾಳ ಮೇಲೇ ಬಂತು. ಹುಡುಗಿ ಕೂರಲಿಲ್ಲ. ಉತ್ತರ ಬೇಕೆಂದು ನಿಂತೇ ಇದ್ದಳು.