ಆರು ಫ್ಯಾನಿನ ಗೊರಕೆ

ಇಳಿಯಿತು, ಈಗ ಇಳಿಯಿತು, ಶುರುವಿನ ಆರ್ಭಟ, ವಿಮಾನವೊಂದು ದಾರಿ ತಪ್ಪಿ ನಮ್ಮ ಮಾಡಿನ ಮೇಲೇ ಬಂದು ಕೂತಿತೇನೋ ಅನ್ನುವ ಹಾಗಿದ್ದದ್ದು ತಗ್ಗಿ ಒಂದೇ ಸಮನಾಯಿತು, ಹೂಂ ಅಂತ ಉದ್ದಕ್ಕೆ, ಯಾರೋ ಕಥೆ ಹೇಳುತ್ತಿದ್ದಾರೆ, ಇದು ಹೂಂಗುಟ್ಟುತ್ತಿದೆ — ಕಣ್ಣು ಮುಚ್ಚಿದ್ದೇನೆ, ಎಡಗಣ್ಣು ಪೂರ್ತಿ, ಬಲಗಣ್ಣು ಒಂದೆಳೆ ಬಿಟ್ಟು, ಆ ಎಳೆಯಲ್ಲಿ ಕಾಣುವುದು ಒಂದೇ, ಈ ಕಂಪ್ಯೂಟರ್ ಪೆಟ್ಟಿಗೆಯ ಮೂತಿಯ ಮೇಲೆ ಹಸಿರು ದೀಪ, ಸಾಸಿವೆ ಕಾಳಿನಷ್ಟು, ಮಿನುಗುತ್ತದೆ, ನಿಲ್ಲುತ್ತದೆ, ಮಿನುಗುತ್ತದೆ. ಬಾಗಿಲ ಹತ್ತಿರ ಹೆಜ್ಜೆ ಸದ್ದು, ಅಲ್ಲ, ಈ ಗದ್ದಲದಲ್ಲಿ ಹೆಜ್ಜೆ ಎಲ್ಲಿ ಕೇಳಬೇಕು, ನೆರಳು, ಸೊಸೆಯ ನೆರಳು, ಇಣುಕುತ್ತಿದ್ದಾಳೆ, ಮುಚ್ಚು ಮುದುಕಿ, ಬಲಗಣ್ಣನ್ನೂ ಮುಚ್ಚು, ತುಟಿ ಬಿಗಿ ಹಿಡಿ. ನೀವು ನಾಟಕ ಮಾಡೋವಾಗ ತುಟಿ ನಗುತ್ತೆ ಅತ್ತೆ, ನಂಗೆ ಗೊತ್ತಾಗುತ್ತೆ, ಅಂತ ಮೊದಲೇ ಹೇಳಿದ್ದಾಳೆ, ನಿಜವಾಗ್ಲೂ ನಿದ್ದೆ ಬಂದ್ರೆ ಇದನ್ನ ಇಟ್ಕೋತೀನಿ, ಇಲ್ಲಾಂದ್ರೆ ಸಂಜೆ ಇದನ್ನ ತಂದವನು ಬಂದಾಗ ವಾಪಸ್ಸು, ಗೊರಕೆ ಕೇಳಿದ್ರೆ ಮಾತ್ರ ನಂಬ್ತೀನಿ. ಗೊರಕೆಯಂತೆ. ನಾನು ಜನ್ಮದಲ್ಲಿ ಗೊರಕೆ ಹೊಡೆದವಳಲ್ಲ, ಯಾರನ್ನು ಬೇಕಾದರೂ ಕೇಳಲಿ, ಬದುಕಿರುವವರಲ್ಲಿ ಒಬ್ಬರೂ ಕೇಳಿಲ್ಲ. ಎರಡನೇ ಕ್ಲಾಸಿಗೇ ಬಿಟ್ಟು ಓಡಿದ ಶಾಲೆ ಈಗ ಮಂಚದ ತನಕ ಬಂದು ಹಿಡಿಯಿತು, ಮಲಗಿಕೊಂಡು ಪಾಸಾಗಬೇಕಾದ ಪರೀಕ್ಷೆ, ನಾನು ಪಾಸಾದರೆ ತಾನೇ ಅವಳು ತನ್ನ ಪರೀಕ್ಷೆಗೆ ಕೂರುವುದು. ಬಾ ನಿದ್ದೆಯೇ ಬಾ, ಬೇಡದ ನೆಂಟರೆಲ್ಲ ಹೇಳದೆ ಕೇಳದೆ ಬರುತ್ತಾರೆ, ನಿನಗೆ ಮಾತ್ರ ಏನು ಬಿಂಕ.

ಪಾಪ ಅವಳು. ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ, ಅಲ್ಲಿ ಒಂದು ಪರದೆ ಕಪ್ಪಾದರೆ ಡಾಕ್ಟರುಗಳೆಲ್ಲ ಇವಳ ಹೆಸರು ಹಿಡಿದು ಕೂಗುತ್ತಿದ್ದರು, ಆಗ ನಾನು ಬಚ್ಚಲಲ್ಲಿ ಬಿದ್ದೆ, ಸೊಂಟದ ಮೂಳೆ ಸಾವಿರ ಚೂರಾಯಿತು, ಎರಡು ಚೂರು ಅಂತ ಎಕ್ಸ್‌ರೇ ಹೇಳಿತು, ಎಕ್ಸ್‌ರೇಗೇನು ಗೊತ್ತು ನೋವು. ಮಗ ಒಬ್ಬನ ಸಂಬಳ ಸಾಕು ಅಂತ ಇವಳು ಕೆಲಸ ಬಿಟ್ಟಳು, ನನ್ನನ್ನು ಎತ್ತಿ ಕೂರಿಸಿ, ನಡೆಸಿ, ಬೈಸಿಕೊಂಡು, ಈಗ ನಾನು ನಡೆಯುತ್ತೇನೆ, ನಡೆಯುವುದೇನು, ಬಿಟ್ಟರೆ ಓಟದಲ್ಲಿ ಬಹುಮಾನ ತರುತ್ತೇನೆ, ಅವಳ ಕೆಲಸ ಮಾತ್ರ ಇದ್ದಲ್ಲೇ ನಿಂತಿತು. ಆಸ್ಪತ್ರೆಯವರೇ ಮತ್ತೆ ಕರೆದಿದ್ದಾರೆ, ಬನ್ನಿ, ಆದರೆ ಎಲ್ಲ ಬದಲಾಗಿದೆ, ಈಗ ಇಲ್ಲಿ ವರ್ಚುವಲ್ ಯಂತ್ರಗಳು, ಅದರಲ್ಲೊಂದು ಪರೀಕ್ಷೆ ಕೊಟ್ಟು ಬನ್ನಿ. ಒಂದು ಪೆಟ್ಟಿಗೆಯೊಳಗೆ ಹತ್ತು ಕಂಪ್ಯೂಟರು ಇರುತ್ತವಂತೆ, ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಕ್ಕುವುದಿಲ್ಲ, ಆದರೆ ಒಂದೊಂದೂ ಈ ಮನೆಯೆಲ್ಲ ನನ್ನೊಬ್ಬಳದೇ ಅಂದುಕೊಂಡಿರುತ್ತದಂತೆ. ಇದನ್ನು ತಿಳಿಯೋಕೆ ಇಷ್ಟು ಓದಬೇಕೇನೇ, ನನ್ನ ಅತ್ತೆ ಮನೆ ಹೀಗೇ ಇತ್ತು, ಒಂದು ಸೂರು, ನಾಲ್ಕು ಒಲೆ, ನಾಲ್ಕು ಸೊಸೆಯರೂ ನಾನೇ ಯಜಮಾನಿ ಅಂದುಕೊಂಡಿದ್ದೆವು ಅಂದೆ. ಯಾರಿಗೆ ಎಷ್ಟು ಅಕ್ಕಿ ಅಂತ ಅಳೆದು ಹಾಕುವವರು ಯಾರು ಅಂತಲೂ ಕೇಳಿದೆ. ಅದಕ್ಕೊಂದು ಸಾಫ್ಟ್‌ವೇರ್ ಇದೆ ಅತ್ತೆ, ಹೈಪರ್‌ವೈಸರ್ ಅಂತ, ಎಲ್ಲದರ ಅಡಿಯಲ್ಲಿ ಕೂತು ಪಾಲು ಹಂಚುತ್ತೆ. ಅಂದ್ರೆ ಅತ್ತೆ ಅನ್ನು. ಹೂಂ, ಅತ್ತೆನೇ, ಆದ್ರೆ ಇದು ಮಾತಾಡಲ್ಲ. ಬಾಯಿ ನೋಡು, ನಾನೇ ಹುಡುಕಿ ತಂದ ಸೊಸೆ, ಇನ್ನು ಯಾರನ್ನು ದೂರಲಿ.

ಆ ಮಾತಾಡದ ಅತ್ತೆಯಲ್ಲೂ ಆಯ್ಕೆ, ಗಂಡಿಗೆ ಹೆಣ್ಣು ನೋಡಿದಷ್ಟು. ಆಸ್ಪತ್ರೆಯವರು ಬಳಸುವುದು ವರ್ಷ ವರ್ಷ ದುಡ್ಡು ಕೇಳುವುದನ್ನು, ಬಿಟ್ಟಿ ಸಿಗುವುದು ಇನ್ನೊಂದು, ಊರೂರಿನವರು ಸೇರಿ ಕಟ್ಟಿದ್ದು, ಎಲ್ಲಿ ಸಿಕ್ಕಿಹಾಕಿಕೊಂಡರೂ ಯಾರಾದರೂ ಪುಣ್ಯಾತ್ಮರು ದಾರಿ ಹೇಳುತ್ತಾರಂತೆ. ಇವಳು ಬಿಟ್ಟಿಯದನ್ನು ಅಡಿಯಲ್ಲಿ ಹಾಕಿ, ಪರೀಕ್ಷೆಗೆ ಬೇಕಾದ ದುಡ್ಡಿನದನ್ನು ಸ್ವಲ್ಪ ದಿನಕ್ಕೆ ಅಂತ ತಂದು ಅದರ ಹೊಟ್ಟೆಯೊಳಗೇ ಕೂರಿಸುತ್ತಾಳಂತೆ. ಅತ್ತೆಯೊಳಗೆ ಇನ್ನೊಬ್ಬಳು ಅತ್ತೆ, ಅಯ್ಯೋ, ಆ ಒಳಗಿನ ಸೊಸೆಯರ ಗತಿ. ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಬಂತು, ಮೂರು ಕೊಡ ನೀರು ಕುಡಿದಳು, ಆಮೇಲೆ ಮುಖ ಚಿಕ್ಕದಾಯಿತು, ಇಬ್ಬರು ಅತ್ತೆಯರಿಗೆ ಜಾಗ ಬೇಕಲ್ಲ ಅತ್ತೆ, ಮೆಮೊರಿ ಬೇಕು, ಚಿಕ್ಕದರಲ್ಲಿ ಹಿಡಿಸಲ್ಲ. ಚಿಕ್ಕದು ಅಂದರೆ ಮಗ ತೋರಿಸಿದ ಕಂಪ್ಯೂಟರು, ಊಟದ ಡಬ್ಬಿಯಷ್ಟಿದೆ, ಸದ್ದಿಲ್ಲ, ಒಂದು ಬಲ್ಬಿನಷ್ಟು ಕರೆಂಟು, ಆದರೆ ಮೆಮೊರಿಯ ಪಟ್ಟಿ ಸಿಕ್ಕಿಸಲು ಎರಡೇ ಸಂದು, ಒಳಗಿನ ನಾಲ್ಕನೆಯ ಕಂಪ್ಯೂಟರನ್ನು ಎಬ್ಬಿಸಿದರೆ ಮೊದಲನೆಯದಕ್ಕೆ ಉಸಿರು ಕಟ್ಟುತ್ತದೆ. ಮಗ ಬುದ್ಧಿವಂತ, ಇರೋದ್ರಲ್ಲೇ ಹೊಂದಿಸ್ಕೊ, ಉಳಿದದ್ದು ಪುಸ್ತಕದಲ್ಲಿ ಓದು ಅಂದ, ಅಪ್ಪನ ಹಾಗೆಯೇ, ಹೆಂಡತಿಗೆ ಹೇಳುವ ಬುದ್ಧಿ ಮಾತ್ರ ಬಿಟ್ಟಿ ಸಾಮಾನು. ಅವಳಂದಳು, ಓದಿ ಬರಲ್ಲ ರೀ, ಕೆಡಿಸಿ ಕಲೀಬೇಕು, ಆಸ್ಪತ್ರೆ ಯಂತ್ರ ಕೆಡಿಸೋಕಾಗುತ್ತಾ, ನಂದೇ ಒಂದು ಬೇಕು, ದಿನಾ ಕೆಡಿಸಿ ದಿನಾ ಸರಿ ಮಾಡೋಕೆ. ಆ ಮಾತು ನನಗೆ ಇಷ್ಟವಾಯಿತು, ನಾನು ಅಡುಗೆ ಕಲಿತದ್ದೂ ಹಾಗೇ, ನನ್ನ ಪ್ರಯೋಗ ತಿಂದವರೇ ಪಾಪ ಮೊದಲು ಹೋದರು.

ನೆರಳು ಹೋಯಿತು. ತೆರೆಯಲೇ ಬಲಗಣ್ಣು, ಇದೆ, ದೀಪ ಇದೆ, ಮಿನುಗುತ್ತದೆ, ನಿಲ್ಲುತ್ತದೆ. ಬೆಳಿಗ್ಗೆ ತಂದಿಟ್ಟವನು ಹಳೇ ಕಂಪ್ಯೂಟರು ಮಾರುವವನು, ಬೀದಿಯವರೆಲ್ಲ ಅವನನ್ನು ಗುಜರಿ ಡಾಕ್ಟರ್ ಅನ್ನುತ್ತಾರೆ, ಯಾವುದೋ ದೊಡ್ಡ ಆಫೀಸು ಬದಲಾಯಿಸುವಾಗ ಬಿಟ್ಟದ್ದಂತೆ, ಹೆಣ ಹೊತ್ತ ಹಾಗೆ ಹೊತ್ತು ತಂದ, ಬೀರುವಿನ ಒಂದು ಖಾನೆಯನ್ನೇ ಕಿತ್ತು ತಂದಷ್ಟು ಉದ್ದ, ಮುಚ್ಚಳ ತೆಗೆದು ತೋರಿಸಿದ, ಬಾಚಣಿಗೆ ಹಲ್ಲಿನ ಹಾಗೆ ಸಾಲು ಸಾಲು ಮೆಮೊರಿ, ಅಡ್ಡಕ್ಕೆ ಆರು ಫ್ಯಾನು. ಹಾರ್ಟು ಗಟ್ಟಿ ಇದೆಯಮ್ಮಾ, ಸ್ವಲ್ಪ ಗಂಟಲು ದೊಡ್ಡದು ಅಷ್ಟೇ, ಅಂದ. ಸೊಸೆ ಅದರ ಮೇಲೆ ಕೈ ಆಡಿಸಿದ್ದು ನೋಡಬೇಕಿತ್ತು, ನನ್ನ ಮಗನ ತಲೆ ಮೇಲೂ ಹಾಗೆ ಆಡಿಸಿದ್ದು ನಾನು ಕಂಡಿಲ್ಲ. ಇಡುವುದಕ್ಕೆ ಜಾಗ ಇದೊಂದೇ, ನನ್ನ ಕೋಣೆ, ನಮ್ಮವರು ತಮ್ಮ ಪ್ರಿಂಟಿಂಗ್ ಪ್ರೆಸ್ಸಿನ ಕಾಗದ ಕತ್ತರಿಸುವ ಯಂತ್ರಕ್ಕೆ ಅಂತ ಎಳೆಸಿದ ದಪ್ಪ ವೈರು ಇಲ್ಲಿ ಮಾತ್ರ ಇರುವುದು, ಗೋಡೆಯೂ ದಪ್ಪ, ಪಕ್ಕದ ಮನೆಯವರ ನಿದ್ದೆ ಕೆಡುವುದಿಲ್ಲ. ಗುಂಡಿ ಒತ್ತಿದ. ದೇವರೇ, ಕಿಟಕಿ ಸರಳು ಬಾಗಿತು, ಕ್ಯಾಲೆಂಡರು ಹಾರಿ ಮುಂದಿನ ವರ್ಷಕ್ಕೆ ಹೋಯಿತು. ಸೊಸೆ ಯಂತ್ರ ನೋಡಲಿಲ್ಲ, ನನ್ನ ಮುಖ ನೋಡಿದಳು, ಅಷ್ಟೇ, ಬೇಡಪ್ಪಾ ಅಂದಳು, ನಾನು ಕೂತು ಕಲಿಯೋದು ಕೆಲಸ ಎಲ್ಲ ಮುಗಿದ ಮೇಲೆ, ಅತ್ತೆ ಮಲಗೋ ಹೊತ್ತು, ಇವರಿಗೆ ಆಗಲ್ಲ, ಸಂಜೆ ಬಂದು ತಗೊಂಡು ಹೋಗು, ಚಿಕ್ಕದೇ ನೋಡ್ತೀನಿ. ದನಿ ಮಾಮೂಲಾಗಿತ್ತು, ಕೈ ಮಾತ್ರ ಇನ್ನೂ ಮುಚ್ಚಳದ ಮೇಲೇ ಇತ್ತು.

ನಾನೇನೂ ಹೇಳಿರಲಿಲ್ಲ. ಹೇಳಿರಲಿಲ್ಲ ಅಂದರೆ ಇವತ್ತು ಹೇಳಿರಲಿಲ್ಲ, ಮಿಕ್ಸಿ ತಿರುಗಿಸಿದರೆ ಕಿವಿಯಲ್ಲಿ ರಕ್ತ ಸುರಿಯಿತು ಅಂದಿದ್ದೆ, ಪಕ್ಕದ ಮನೆ ಮಗು ಅತ್ತರೆ ಎಂಟು ದಿನ ಜ್ವರ ಬಂತು ಅಂದಿದ್ದೆ, ಬಾಯಿ ರುಚಿಗೆ ಅಂದದ್ದು, ಉಪ್ಪಿಲ್ಲದೆ ಮಾತಾಡಿದರೆ ನನಗೆ ನನ್ನ ದನಿಯೇ ಹಿಡಿಸುವುದಿಲ್ಲ. ಅವಳು ಅದನ್ನೆಲ್ಲ ಮಡಿಚಿ ಎತ್ತಿಟ್ಟುಕೊಂಡಿದ್ದಾಳೆ. ಆದರೆ ನಮ್ಮವರು ಹೋದ ಮೇಲೆ ನಾನು ರೆಪ್ಪೆ ಮುಚ್ಚಿಲ್ಲ ಅಂತಲೂ ಅಂದಿದ್ದೆನಲ್ಲ, ಅದೊಂದನ್ನು ಯಾರೂ ನಂಬಲಿಲ್ಲ, ಮೂರು ವರ್ಷದಿಂದನಾ ಅತ್ತೆ ಅಂತ ನಕ್ಕಳು, ಮಗನೂ ನಕ್ಕ, ನಾನೂ ಜೊತೆಗೆ ನಕ್ಕೆ. ಅದೊಂದಕ್ಕೆ ನಾನು ಉಪ್ಪು ಹಾಕಿರಲಿಲ್ಲ. ಮಲಗುತ್ತೇನೆ, ಜೋಂಪು ಹತ್ತುತ್ತದೆ, ಆಮೇಲೆ ಆ ನಿಶ್ಶಬ್ದ ಬಂದು ಎದೆ ಮೇಲೆ ಕೂರುತ್ತದೆ, ಎದ್ದು ಬಿಡುತ್ತೇನೆ. ಐವತ್ತು ವರ್ಷ ಪಕ್ಕದಲ್ಲಿ ಪ್ರೆಸ್ಸು ಮಲಗಿತ್ತು, ಹಗಲೆಲ್ಲ ಅಲ್ಲಿ ಯಂತ್ರ ಓಡಿಸಿ ರಾತ್ರಿ ತಾವೇ ಯಂತ್ರವಾಗುತ್ತಿದ್ದರು, ಗೊರಕೆಗೆ ಮನೆ ಹೆಂಚು ಎದ್ದು ಎದ್ದು ಕೂರುತ್ತಿತ್ತು, ಇದು ಉತ್ಪ್ರೇಕ್ಷೆ, ಸರಿ, ಒಂದೆರಡು ಹೆಂಚು. ನಾನು ಮಾತಾಡುತ್ತಿದ್ದೆ, ಅವರು ಹೂಂ, ನಾನು ಮತ್ತೆ, ಅವರು ಹೂಂ, ಆ ಹೂಂ ಎಲ್ಲಿ ಗೊರಕೆಯಾಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ, ಅಷ್ಟು ಗಾಢ ನಿದ್ದೆ, ಆದರೂ ನಾನು ಮೆಲ್ಲಗೆ ಕಾಲು ಕೆಳಗಿಟ್ಟರೆ ಸಾಕು, ಕಣ್ಣು ಬಿಡದೆ, ಎಲ್ಲಿಗೆ. ನೀರಿಗೆ. ಹೂಂ. ಮತ್ತೆ ಗೊರಕೆ. ನೀನೂ ಹೊಡೀತೀಯ ಕಣೇ ಅನ್ನುತ್ತಿದ್ದರು, ಸುಳ್ಳು, ಅವರದ್ದೇ ಗೋಡೆಗೆ ಬಡಿದು ವಾಪಸ್ಸು ಬರುತ್ತಿತ್ತು.

ಅದಕ್ಕೇ ಬೆಳಿಗ್ಗೆ, ಗುಜರಿ ಡಾಕ್ಟರ್ ಹೋದ ಮೇಲೆ, ಸೊಸೆ ಗುಂಡಿ ಒತ್ತಿ ಆರಿಸಿದಳಲ್ಲ, ಆರು ಫ್ಯಾನೂ ಒಂದೊಂದಾಗಿ ಉಸಿರು ಬಿಟ್ಟು ನಿಂತವು, ಕೋಣೆ ಮತ್ತೆ ಅದೇ ಕೋಣೆ ಆಯಿತು, ಆಗ ನೋಡಿದೆ, ಎಲ್ಲ ನಿಂತರೂ ಆ ಹಸಿರು ದೀಪ ನಿಂತಿಲ್ಲ. ಇದು ಸತ್ತಿಲ್ವೇನೇ ಅಂದೆ. ಇಲ್ಲ ಅತ್ತೆ, ಮಲಗಿದೆ, ಕಿವಿ ಮಾತ್ರ ಎಚ್ಚರ ಇರುತ್ತೆ, ಬೇರೆ ಕೋಣೆಯಿಂದ ಕರೆದ್ರೂ ಏಳುತ್ತೆ. ಆ ದೀಪದ ಮೇಲೊಮ್ಮೆ ಬೆರಳಿಟ್ಟೆ. ಆಮೇಲೆ ಅಂದೆ, ಇದೇ ಇರಲಿ. ನನ್ನ ಮೇಲಿನ ಕರುಣೆಗೆ ಹೇಳ್ತಿದೀರಿ, ನಂಗೋಸ್ಕರ ನಿದ್ದೆ ಕೆಡಿಸ್ಕೋತೀರಿ, ಬೇಡ. ಇಲ್ವೇ, ನಿಜವಾಗಿ ಹೇಳ್ತಿದೀನಿ, ಇದರ ಸದ್ದಿಗೆ ನಂಗೆ ನಿದ್ದೆ ಬರುತ್ತೆ. ಅತ್ತೆ, ನಿಮ್ಮ ನಿಜ ನಂಗೆ ಗೊತ್ತಿಲ್ವಾ. ನೋಡು, ಊರಿಗೆಲ್ಲ ಬೆಟ್ಟ ಮಾರಿದವಳ ಹತ್ತಿರ ಒಂದು ಕಲ್ಲು ಕೊಳ್ಳುವವರಿಲ್ಲ. ಅದಕ್ಕೇ ಈ ಪರೀಕ್ಷೆ, ಅದಕ್ಕೇ ಈ ನಡುಮಧ್ಯಾಹ್ನ ಕಣ್ಣು ಮುಚ್ಚಿಕೊಂಡು — ಬರುವುದಿಲ್ಲ, ಬಾ ಅಂದಷ್ಟೂ ಬರುವುದಿಲ್ಲ, ಕೆಂಪು ಬೆಳಕು ರೆಪ್ಪೆಯೊಳಗೆ, ತಲೆದಿಂಬು ಬಿಸಿ, ಪೆಟ್ಟಿಗೆಯ ಹಿಂದಿನಿಂದ ಬೆಚ್ಚಗಿನ ಗಾಳಿ ಕಾಲಿಗೆ ಬರುತ್ತಿದೆ, ಕಾಲಿಗೆ, ಅವರ ಕಾಲು ಯಾವಾಗಲೂ ಬೆಚ್ಚಗಿರುತ್ತಿತ್ತು, ನನ್ನ ತಣ್ಣನೆ ಪಾದ ತಾಗಿಸಿದರೆ ಬೈಯುತ್ತಿದ್ದರು, ತೆಗೆಯುತ್ತಿರಲಿಲ್ಲ.

ಸೊಸೆ ಇನ್ನೊಂದು ಹೇಳಿದಳು, ಈ ಒಳಗಿನ ಕಂಪ್ಯೂಟರುಗಳನ್ನು ಕೆಡಿಸುವ ಮುಂಚೆ ಒಂದು ಚಿತ್ರ ಹಿಡಿದಿಟ್ಟುಕೊಳ್ಳುತ್ತಾರಂತೆ, ಸ್ನ್ಯಾಪ್‌ಶಾಟ್ ಅಂತ, ಏನು ಎಡವಟ್ಟಾದರೂ ಒಂದು ಗುಂಡಿ, ಇದ್ದ ಹಾಗೆಯೇ ವಾಪಸ್ಸು. ಮನುಷ್ಯರಿಗಿಲ್ವಾ. ಇಲ್ಲ ಅತ್ತೆ. ಇದ್ದಿದ್ದರೆ ಯಾವ ದಿನ ಹಿಡಿದಿಡುತ್ತಿದ್ದೆ, ಮದುವೆಯ ದಿನ ಬೇಡ, ಆ ಸೀರೆ ಚುಚ್ಚುತ್ತಿತ್ತು, ಮಗ ಹುಟ್ಟಿದ ದಿನ, ಬೇಡಪ್ಪಾ, ಆ ನೋವಿನ ಜೊತೆಗಾ, ಯಾವುದಾದರೂ ಸಾಧಾರಣ ದಿನ, ಏನೂ ಆಗದ್ದು, ಅವರು ಹೂಂ ಅನ್ನುತ್ತಿರುವ ಹೊತ್ತು — ಆದರೆ ಹಿಂದಕ್ಕೆ ಹೋದರೆ ಈ ಸೊಸೆ ಇರುವುದಿಲ್ಲ, ಅವಳ ಕೆಲಸ ಇರುವುದಿಲ್ಲ, ನಾಳೆ ಅವಳು ಇಲ್ಲಿ ಈ ಮೂಲೆಯಲ್ಲಿ ಕೂತು ಟಕಟಕ ಒತ್ತುವುದು, ಕೆಡಿಸುವುದು, ಅಯ್ಯೋ ಅನ್ನುವುದು, ಆಮೇಲೆ ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಬರ್ತೀನಿ ಅತ್ತೆ, ಚಹಾ ಫ್ಲಾಸ್ಕಿನಲ್ಲಿದೆ, ಬಚ್ಚಲಲ್ಲಿ ಬೀಳ್ಬೇಡಿ — ಬೇಡ, ಹಿಂದಕ್ಕೆ ಬೇಡ, ಇಲ್ಲೇ ಇರಲಿ, ಹೂಂ, ಏನು ಹೇಳುತ್ತಿದ್ದೆ, ಹೂಂ, ಆ ಒಳಗಿನ ಅತ್ತೆಗೆ ಯಾರು ಚಹಾ, ಹೂಂ, ನಾಲ್ಕು ಒಲೆ, ಒಬ್ಬೊಬ್ಬರೂ ತಾವೇ, ಪಾದ ಬೆಚ್ಚಗೆ, ಯಾರೋ ಬಾಗಿಲಲ್ಲಿ, ತಗೊಂಡು ಹೋಗ್ಲಾ ಅಮ್ಮಾ, ಶ್, ಮೆಲ್ಲಗೆ ಮಾತಾಡು, ಮಲಗಿದಾರೆ, ಯಾರು ಮಲಗಿದ್ದಾರೆ, ನಾನಲ್ಲ, ಇದು ಇಲ್ಲೇ ಇರಲಪ್ಪಾ, ಅವಳ ದನಿ, ಅಳುತ್ತಿದ್ದಾಳೋ ನಗುತ್ತಿದ್ದಾಳೋ, ಕೇಳು ಕೇಳು ಹೇಗೆ ಹೊಡೀತಿದಾರೆ, ಹೌದು, ನನಗೂ ಕೇಳುತ್ತಿದೆ, ಪೆಟ್ಟಿಗೆಯದೊಂದು, ಅದರ ಪಕ್ಕ ಇನ್ನೊಂದು, ಒರಟು, ಹತ್ತಿರದ್ದು, ಯಾರದಪ್ಪಾ ಇದು, ಗೋಡೆಗೆ ಬಡಿದು ವಾಪಸ್ಸು ಬರುತ್ತಿದೆ, ಎದ್ದು ನೋಡಬೇಕು, ಕಾಲು ಕೆಳಗಿಡಬೇಕು, ಎಲ್ಲಿಗೆ, ಎಲ್ಲಿಗೂ ಇಲ್ಲ, ಹೂಂ, ಸಾಸಿವೆಯಷ್ಟು, ಹಸಿರು, ನಿಲ್ಲುತ್ತದೆ, ಮಿನುಗುತ್ತದೆ, ಹಸಿರು