ಬಳೆ ಒರೆಸಿದ ಕೈ

ಗೋಡೆಗೆ ಸುಣ್ಣ ಬಳಿಸಿದ್ದು, ಕೆಮ್ಮಣ್ಣು ಕಲಸಿದ್ದು ಎಲ್ಲ ಆಶಾರಾಣಿಯೇ. ಸಂಜೆ ಕಾಲೇಜಿನಲ್ಲಿ ಕಲಾ ಇತಿಹಾಸ ಓದಿಕೊಂಡು, ಚನ್ನರಾಯಪಟ್ಟಣದ ಹುಡುಗಿಯರಿಗೆ ಭಾನುವಾರ ಚಿತ್ರ ಕಲಿಸುವವಳು. ಅವಳ ಪ್ರದರ್ಶನದ ಒಂದು ಕೊನೆಯಲ್ಲಿ ಆದಿಮಾನವರು ಗುಹೆಯಲ್ಲಿ ಬರೆದ ಎತ್ತು, ಜಿಂಕೆಗಳ ಫೋಟೊ. ಇನ್ನೊಂದು ಕೊನೆಯಲ್ಲಿ ಈ ಬರಿಗೋಡೆ. “ಚಿತ್ರ ಬರೀಬೇಡಿ. ನಾನಿಲ್ಲಿದ್ದೆ ಅಂತ ಕೈ ಒತ್ತಿ, ಸಾಕು. ಆ ವಿಚಾರವೇ ಕಲೆ,” ಎಂದು ಹುಡುಗಿಯರಿಗೆ ಹೇಳಿದ್ದಳು. ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಆ ರಾತ್ರಿ ಅನ್ನ ಸೇರಿರಲಿಲ್ಲ.

ಎಲ್ಲರೂ ಅಂಗೈ ಒತ್ತಿದರು. ಸೌಜನ್ಯ ಮಾತ್ರ ಮೊಣಕೈವರೆಗೂ ಕೆಮ್ಮಣ್ಣು ಬಳಿದುಕೊಂಡು, ಬಳೆ ಸಮೇತ ತೋಳನ್ನೇ ಒತ್ತಿಬಿಟ್ಟಳು. ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಕೆಳಗೆ ತನ್ನ ಹೆಸರಿನ ಚೀಟಿ ಅಂಟಿಸಿದ್ದಳು.

ಪ್ರದರ್ಶನದ ದಿನ ಮಧ್ಯಾಹ್ನ ಅವಳ ಅಜ್ಜಿ ಮುದ್ದಮ್ಮ ಬಂದರು. ಗುಹೆಯ ಎತ್ತು ನೋಡಿ, “ಯಾವ್ ತಳಿಯವ್ವಾ ಇದು, ಹಳ್ಳಿಕಾರಾ?” ಎಂದು ನಗಿಸಿದರು. ಗೋಡೆಯ ಮುಂದೆ ಬಂದು ನಿಂತವರು ನಗಲಿಲ್ಲ.

“ಇದ್ಯಾರ್ ಕೈ?”

“ನಂದೇ ಕಣಜ್ಜಿ!”

“ಅಯ್ಯೋ ನನ್ ಸಿವನೇ! ಮುಂದಿನ್ ತಿಂಗ್ಳು ಧಾರೆ ಇಟ್ಕಂಡು ಮಾಸ್ತಿ ಕೈ ಒತ್ತಿದ್ದೀಯಲ್ಲೇ! ಕೆರೆ ಏರಿ ಮ್ಯಾಲಿರೋ ಕಲ್ ನೋಡಿಲ್ವಾ? ಮೇಡಮ್ಮೋರೇ, ನೀವು ಓದ್ದೋರು, ನಿಮ್ಗಾದ್ರೂ ತಿಳೀಬಾರ್ದಾ?”

ಆಶಾರಾಣಿಯ ಕಿವಿ ಬಿಸಿಯಾಯಿತು. ಗಂಡನ ಚಿತೆಯೇರಿದವಳಿಗೆಂದು ನೆಟ್ಟ ಮಾಸ್ತಿಕಲ್ಲಿನ ಮೇಲಿರುವುದೂ ಹೀಗೆಯೇ, ಬಳೆ ತೊಟ್ಟ ಒಂಟಿ ತೋಳು. ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿಲ್ಲ! ದೇಶಾಂತರದ ಗುಹೆಗಳ ಕೈಗುರುತಿನ ಬಗ್ಗೆ ಪುಟಗಟ್ಟಲೆ ನೋಟ್ಸ್ ಬರೆದವಳಿಗೆ ಏರಿಯ ಮೇಲಿನ ಕೈ ನೆನಪಾಗಿರಲಿಲ್ಲ.

“ಅಳಿಸ್ಬೇಡಿ ಮೇಡಂ,” ಎಂದಳು ಸೌಜನ್ಯ. “ಮದ್ವೆ ಆದ್ಮೇಲೆ ಕ್ಲಾಸಿಗೆ ಕಳ್ಸಲ್ಲ ಅಂದವ್ರೆ. ಅದೊಂದಾದ್ರೂ ಇಲ್ಲಿರ್ಲಿ.”

“ಅಳಿಸ್ದೆ ಹೋದ್ರೆ ನಾನೇ ಸಗಣಿ ಬಳೀತೀನಿ ಕಣೇ!”

ಇಬ್ಬರ ಮಾತೂ ಉಳಿಯಲೆಂದು ಆಶಾರಾಣಿ ಒದ್ದೆ ಬಟ್ಟೆ ತಂದು, ಮಣಿಕಟ್ಟಿನ ಬಳೆಗೆರೆಗಳನ್ನಷ್ಟೇ ಒರೆಸಿದಳು. ಮಾಸ್ತಿ ಹೋಯಿತು, ತೋಳು ಉಳಿಯಿತು ಎಂದುಕೊಂಡು ತಿರುಗಿದರೆ ಅಜ್ಜಿಯ ಮುಖ ಬಿಳಿಚಿಕೊಂಡಿತ್ತು.

“ಬಳೆ ತೆಗ್ದ್ಬುಟ್ರಾ?”

ಮಾಡಿದ್ದೇನೆಂದು ಆಗ ಹೊಳೆಯಿತು. ಮತ್ತೆ ಬಟ್ಟೆ ಎತ್ತಿದಳು. “ತಪ್ಪಾಯ್ತಮ್ಮಾ, ಪೂರ್ತಿ ಒರೆಸಿಬಿಡ್ತೀನಿ...”

ಮುದ್ದಮ್ಮ ತಡೆದರು. ಗಂಡ ಹೋದ ಇಪ್ಪತ್ತೆಂಟು ವರ್ಷದಿಂದ ಬಳೆ ಕಾಣದ ತಮ್ಮ ತೋಳನ್ನು ಆ ಗುರುತಿನ ಮೇಲಿಟ್ಟರು.

“ಬುಡಿ. ಈಗಿದು ನನ್ ಕೈ. ನಂಗಿನ್ನೇನಾಗ್ಬೇಕು? ಇರ್ಲಿ.”

ಮೊಮ್ಮಗಳ ಹೆಸರಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತು ಆಶಾರಾಣಿಯ ಕೈಗಿತ್ತರು.

ಸೌಜನ್ಯ ಗೋಡೆಯನ್ನೇ ನೋಡುತ್ತಿದ್ದಳು.

“ಹಂಗಾದ್ರೆ ನಂದೆಲ್ಲಿ ಮೇಡಂ?”

ಬಂದವರೂ ಒತ್ತಲೆಂದು ಇಟ್ಟಿದ್ದ ಬೋಗುಣಿಯಲ್ಲಿ ಕೆಮ್ಮಣ್ಣು ಇನ್ನೂ ಇತ್ತು. ತಗೋ, ಇನ್ನೊಮ್ಮೆ ಒತ್ತು ಎನ್ನುವ ಧೈರ್ಯ ಆಶಾರಾಣಿಗೆ ಬರಲಿಲ್ಲ.