ಐದನೆಯ ದೂರು

ಹನ್ನೊಂದು ವರ್ಷದ ಮೇಲೆ ಚಿಕ್ಕಮ್ಮನ ಊರಿಗೆ ಹೋದವಳಿಗೆ ಮೊದಲು ಕಂಡಿದ್ದು ಅರ್ಧಕ್ಕೆ ಕೊಯ್ದ ದೋಣಿ. ಅದನ್ನು ಮರಳಿನಲ್ಲಿ ನೆಟ್ಟಗೆ ನಿಲ್ಲಿಸಿ, ಪ್ರವಾಸಿಗರಿಗೆಂದು ಒಳಗೆ ಷವರ್ ಕೂರಿಸಿದ್ದರು. ಒದ್ದೆ ಚಡ್ಡಿಯ ದಡಿಯನೊಬ್ಬ ಅದರೊಳಗೆ ನಿಂತು ಕಾಲು ತೊಳೆಯುತ್ತಾ, ಊರಿಗೆಲ್ಲ ಕೇಳುವ ಹಾಗೆ ಕ್ಯಾಕರಿಸಿ ಉಗಿದ. ನನಗೆ ಮೈಯೆಲ್ಲ ಉರಿಯಿತು. ಚಿಕ್ಕವಳಿದ್ದಾಗ ರಜೆ ಬಂತೆಂದರೆ ಇಲ್ಲಿಗೇ ಓಡಿಬರುತ್ತಿದ್ದೆ. ಚಪ್ಪಲಿ ಹಾಕಿಕೊಂಡು ದೋಣಿ ಹತ್ತಿದೆನೆಂದು ಚಿಕ್ಕಮ್ಮನಿಂದ ಬೆನ್ನಿಗೆ ಗುದ್ದು ತಿಂದವಳು ನಾನು.

ನೇರವಾಗಿ ಚಿಕ್ಕಮ್ಮನ ಮನೆಗೇ ಹೋಗಬಹುದಿತ್ತು. ಹೋಗಲಿಲ್ಲ. ಒಂದೇ ಕೋಣೆಯ ಮನೆ, ಪಾಪ, ಅವಳಿಗೇಕೆ ತೊಂದರೆ ಎಂದು ನನಗೆ ನಾನೇ ಹೇಳಿಕೊಂಡು ಲಾಡ್ಜಿನಲ್ಲಿ ರೂಮು ಮಾಡಿದ್ದೆ. ಏಳನೇ ನಂಬರಿನ ಬಾಗಿಲು ತೆಗೆದದ್ದೇ ತಡ, ದುರ್ನಾತ ಮೂಗಿಗೆ ಬಡಿಯಿತು. ಕಿಟಕಿಯ ಕೆಳಗೇ ಒಂದು ದಪ್ಪ ಪೈಪು. ಇಡೀ ಲಾಡ್ಜಿನ ಕಕ್ಕಸಿನ ನೀರು ಅದರಿಂದ ಮರಳಿಗೆ, ಮರಳಿನಿಂದ ಸಮುದ್ರಕ್ಕೆ. ಹತ್ತು ಮಾರು ಆಚೆ, ಅದೇ ನೀರಿನಲ್ಲಿ ಮಕ್ಕಳು ಮುಳುಗೇಳುತ್ತಿದ್ದವು.

ದಡದಡನೆ ಮೆಟ್ಟಿಲಿಳಿದು ಮ್ಯಾನೇಜರನ ಮೇಲೆ ಹರಿಹಾಯ್ದೆ. ಕೂಗಾಡುವವರಿಗೆಂದೇ ಅವನ ಬಳಿ ಒಂದು ಫಾರಂ ಇತ್ತು.

"ಇದ್ರಲ್ಲಿ ಬರೆದುಬಿಡಿ ಮೇಡಮ್. ನಾವು ದೂರನ್ನ ತುಂಬಾ ಸೀರಿಯಸ್ಸಾಗಿ ತಗೋತೀವಿ."

'ಸಹಿಸಲಾಗದ ಗಬ್ಬುನಾತ. ಮನುಷ್ಯರು ಇರುವ ಜಾಗವಲ್ಲ ಇದು. ತಕ್ಷಣ ಕ್ರಮ ಕೈಗೊಳ್ಳಿ' ಎಂದು ಪೆನ್ನು ಒತ್ತಿ ಬರೆದು ಸಹಿ ಗೀಚಿದೆ. ಅವನು ಅದನ್ನು ಓದಿ ಬೇಜಾರಾಗುವ ಬದಲು ಹಲ್ಲು ಕಿರಿದ. ಮೇಲಿನ ಮಹಡಿಯಲ್ಲಿ ಬೇರೆ ರೂಮು ಕೊಟ್ಟ, ಜೊತೆಗೆ ಜ್ಯೂಸನ್ನೂ ಕಳಿಸಿದ. ಬಾಯಿ ಜೋರು ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಬೀಗಿದೆ.

ಸಂಜೆ ಚಿಕ್ಕಮ್ಮನ ಮನೆಗೆ ಹೋದೆ. ಲಾಡ್ಜಿನ ಬೆನ್ನಿಗೇ ಇದೆ ಅದು. ಅಂಗಳದ ತುಂಬ ಹಳೆ ಬಲೆ ಬಿಗಿದ ಮರದ ಚೌಕಟ್ಟುಗಳು. ಅವುಗಳ ಮೇಲೆ ಹೊಟ್ಟೆ ಸೀಳಿ ಉಪ್ಪು ಹಚ್ಚಿದ ಮೀನುಗಳು ಒಣಗುತ್ತಿದ್ದವು. ಗಾಳಿ ನನ್ನ ಕಡೆಗೇ ಬೀಸಿತು. ಬೆವರು ಒರೆಸುವ ನೆಪದಲ್ಲಿ ದುಪಟ್ಟಾ ಮೂಗಿಗೆ ಹಿಡಿದೆ. ಮೀನು ಮಗುಚುತ್ತಿದ್ದ ಚಿಕ್ಕಮ್ಮ ತಲೆಯೆತ್ತಿ ನೋಡಿದಳು.

"ಬಂದ್ಯಾ? ಬ್ಯಾಗ್ ಎಲ್ಲೇ?"

"ಲಾಡ್ಜಲ್ಲಿದೆ ಚಿಕ್ಕಮ್ಮ. ನಿನಗ್ಯಾಕೆ ಸುಮ್ನೆ ತೊಂದ್ರೆ ಅಂತ..."

"ಹೌದೌದು. ಆಗೆಲ್ಲ ಮಳೆ ಬಂದ್ರೆ ನೀನು ಮೀನಿನ ಬುಟ್ಟಿ ಪಕ್ಕದಲ್ಲೇ ಗೊರಕೆ ಹೊಡೀತಿದ್ದೆ. ಈಗ ದೊಡ್ಡೋಳಾಗಿದೀಯ ಬಿಡು."

ಚಿಕ್ಕಪ್ಪ ತೀರಿಹೋದ ಮೇಲೆ ಅವಳ ಹೊಟ್ಟೆ ತುಂಬಿಸುತ್ತಿದ್ದದ್ದು ಆ ಅಂಗಳವೇ. ಈಗ ಅದಕ್ಕೂ ಕುತ್ತು ಬಂದಿತ್ತು. ವಾಸನೆಯೆಂದು ಲಾಡ್ಜಿನ ಅತಿಥಿಗಳಿಂದ ಐದು ದೂರು ಬಂದರೆ ಹೊರಗೆ ಮೀನು ಒಣಗಿಸುವಂತಿಲ್ಲ ಎಂದು ಪಂಚಾಯಿತಿ ಕಚೇರಿಯವರು ನಿಯಮ ಮಾಡಿದ್ದರು. ನಾಲ್ಕು ಆಗಲೇ ಬಂದಿದ್ದವು.

"ಇನ್ನೊಂದು ಬಂದ್ರೆ ನನ್ನ ಕಥೆ ಮುಗೀತು" ಎಂದಳು.

"ಎಂಥಾ ನಾಚಿಕೆಗೆಟ್ಟ ಜನ! ತಿನ್ನೋಕೆ ಮೀನು ಬೇಕು, ವಾಸನೆ ಮಾತ್ರ ಬೇಡ್ವಂತಾ? ಥೂ ಇವರ!" ಎಂದು ನಾನು ಅರ್ಧ ಗಂಟೆ ಬೈದೆ. ಫಾರಂ ನೆನಪಾಗಲೇ ಇಲ್ಲ. ದುಪಟ್ಟಾ ಮೂಗಿನ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ಹೋದಾಗ ಚಿಕ್ಕಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಕೈಯಲ್ಲಿ ಕಾಗದದ ಕಟ್ಟು.

"ಕಚೇರಿಯವನು ಕೊಟ್ಟುಹೋದ. ಓದೇ. ನನ್ನ ಕನ್ನಡಕ ಒಡೆದಿದೆ."

ಸಂಜೆಯೊಳಗೆ ಅಂಗಳ ಖಾಲಿ ಮಾಡಬೇಕು ಎಂದಿತ್ತು. ಹಿಂದೆ ಐದೂ ದೂರುಗಳ ಜೆರಾಕ್ಸ್. ಕೊನೆಯದರಲ್ಲಿ ಒತ್ತಿ ಬರೆದ ನನ್ನದೇ ಅಕ್ಷರ.

"ಯಾರ್ದೇ ಐದನೇದು?"

"ನಂದು ಚಿಕ್ಕಮ್ಮ. ಆದ್ರೆ ನಿನ್ನಾಣೆ, ನಾನು ಬರೆದಿದ್ದು ಲಾಡ್ಜಿನ ಪೈಪಿನ ವಾಸನೆಗೆ."

ಚಿಕ್ಕಮ್ಮ ನನ್ನ ಮುಖವನ್ನೇ ನೋಡಿದಳು. "ಮತ್ತೆ ಪೈಪು ಅಂತ ಯಾಕೆ ಬರೀಲಿಲ್ಲ?"

ಲಾಡ್ಜಿಗೆ ಓಡಿ ಇನ್ನೊಂದು ಫಾರಂ ಕಿತ್ತುಕೊಂಡು, ಪೈಪು, ಪೈಪು ಎಂದು ನಾಲ್ಕು ಸಲ ಬರೆದು ಮ್ಯಾನೇಜರನ ಮುಂದೆ ಕುಕ್ಕಿದೆ. ಅವನು ಅದನ್ನು ನೀಟಾಗಿ ಮಡಚಿ ಡ್ರಾಯರಿನೊಳಗೆ ಹಾಕಿದ.

"ಇದು ನಮ್ಮ ಒಳಗಿನ ವಿಷಯ ಮೇಡಮ್, ನಾವೇ ನೋಡ್ಕೋತೀವಿ. ನಿನ್ನೇದು ಮಾತ್ರ ಕಚೇರಿಗೆ ಹೋಯ್ತು. ಆರು ತಿಂಗಳಿಂದ ನಾಲ್ಕಕ್ಕೇ ನಿಂತಿತ್ತು ನೋಡಿ, ನಿಮ್ಮಿಂದ ತುಂಬಾ ಉಪಕಾರ ಆಯ್ತು."

ಅಲ್ಲಿಂದ ಕಚೇರಿಗೆ ಓಡಿದೆ. ಫೈಲು ಸೇರಿದ ದೂರನ್ನು ವಾಪಸು ಕೊಡಲು ಬರುವುದಿಲ್ಲ ಎಂದು ಗುಮಾಸ್ತ ತಲೆಯೆತ್ತದೆ ಹೇಳಿದ. ಅವನ ತಲೆಯ ಮೇಲೆ ಲಾಡ್ಜಿನ ಕ್ಯಾಲೆಂಡರ್ ತೂಗುತ್ತಿತ್ತು. ಹೊರಬಂದು ದಾರಿಯಲ್ಲಿ ನಿಂತೆ. ಅವನ ಮೇಲೆ, ಮ್ಯಾನೇಜರನ ಮೇಲೆ, ಆ ಉಗಿಯುವ ದಡಿಯನ ಮೇಲೆ ನನಗೆ ಹೇಸಿಗೆಯಾಗಿತ್ತು. ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ. ಮೊದಲು ದೂರು ಬರೆದ ನಾಲ್ಕು ಜನರಿಗಾದರೂ ಚಿಕ್ಕಮ್ಮ ಯಾರೋ ಏನೋ. ನಾನು ಅವಳ ಕೈತುತ್ತು ತಿಂದು ಬೆಳೆದವಳು.

ಮರಳಿ ಹೋಗುವಷ್ಟರಲ್ಲಿ ಚಿಕ್ಕಮ್ಮ ಕೋಣೆಯೊಳಗಿನ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದಳು. ಚೌಕಟ್ಟುಗಳನ್ನು ಒಳಗೆ ಸಾಗಿಸಬೇಕಿತ್ತು.

"ಒಳಗೆ ಗಾಳಿ ಆಡಲ್ವಲ್ಲ ಚಿಕ್ಕಮ್ಮ, ಒಣಗುತ್ತಾ?"

"ಎಲ್ಲಿ ಒಣಗುತ್ತೆ? ಮೂರೇ ದಿನಕ್ಕೆ ಹುಳ. ಹಿಡಿ ಆ ಕಡೆ."

ಹಿಡಿದೆ. ಬಲೆಯಿಂದ ಉಪ್ಪುನೀರು ತೊಟ್ಟಿಕ್ಕಿ ಮೊಣಕೈವರೆಗೂ ಹರಿಯಿತು. ಬಾಗಿಲು ದಾಟಿದ್ದೇ, ಆ ಸಣ್ಣ ಕೋಣೆಯ ವಾಸನೆ ಮುಖಕ್ಕೆ ರಾಚಿತು. ನಾನು ಮುಖ ಸಿಂಡರಿಸಿದೆ. ಚಿಕ್ಕಮ್ಮ ಚೌಕಟ್ಟಿನ ಆ ತುದಿಯಲ್ಲಿ ನಿಂತಳು.

"ನಿನ್ನೆ ಅಂಗಳದಲ್ಲೇ ನೋಡಿದ್ದೆ ಕಣೇ, ನೀನು ದುಪಟ್ಟಾ ಹಿಡ್ಕೊಂಡಿದ್ದು" ಎಂದಳು. "ಈಗ ಹೇಗೆ ಮುಚ್ಕೋತೀಯ ಮೂಗು? ಎರಡೂ ಕೈ ತುಂಬಿದೆಯಲ್ಲ."

ಹೊರಗೆ ಇನ್ನೂ ಹತ್ತೊಂಬತ್ತು ಚೌಕಟ್ಟುಗಳಿದ್ದವು.